ಟೇಶನ್ ಮುಂದಿನ ಬಯಲು

ಮೆಟ್ರಿ, ದೇವಸಮುದ್ರ, ಕಂಪ್ಲಿ ಕಡೆಯ ಜನಕ್ಕೆ ಬೆಂಗಳೂರಿನ ದಾರಿ ಅಂದರೆ ಹೊಸಪೇಟೆ ಟೇಶನ್. ಕಂಪ್ಲಿಗೆ ಇನ್ನೂ ರೈಲಿಲ್ಲ. ಹಂಪಿ ಎಕ್ಸ್‌ಪ್ರೆಸ್ ಬರುವುದು ರಾತ್ರಿ. ಹಳ್ಳಿಯಿಂದ ಬಸ್ಸು ಹಿಡಿಯಬೇಕಾದ್ದು ಹೊತ್ತು ಮುಳುಗುವ ಮುಂಚೆ. ನಡುವಿನ ತಾಸುಗಳನ್ನು ಟೇಶನ್ ಮುಂದೆಯೇ ಕಳೆಯಬೇಕು. ಕಟ್ಟಡದ ಕೆಲಸಕ್ಕೆ ಹೊರಟ ಒಂದು ಸಂಸಾರವನ್ನೇ ನೋಡಿ. ಅಕ್ಕಿ ಚೀಲ, ಪ್ಲಾಸ್ಟಿಕ್ ಕೊಡ, ಕೌದಿ ಸುತ್ತಿದ ಹಾಸಿಗೆ, ರೊಟ್ಟಿ ಗಂಟು. ಗಂಡ ಟಿಕೀಟಿನ ಸಾಲಿನಲ್ಲಿ. ಹೆಂಡತಿ ಸಾಮಾನಿನ ಸುತ್ತ ಮಕ್ಕಳನ್ನು ಕೂಡಿಸಿಕೊಂಡು, "ಇಲ್ಲೇ ಕುಂದ್ರು, ಎಲ್ಲೂ ಹೋಗಬ್ಯಾಡ" ಅನ್ನುತ್ತಾ ಶೇಂಗಾ ಪುಡಿಯ ಡಬ್ಬಿ ಬಿಚ್ಚುತ್ತಾಳೆ. ಪ್ಲಾಟ್‌ಫಾರ್ಮಿನ ಮೇಲೆ ರೈಲು ನಿಲ್ಲುವುದು ಕೆಲವೇ ನಿಮಿಷ. ಅವಳ ಪ್ರಯಾಣದ ದೊಡ್ಡ ಪಾಲು ಹೊರಗಿನ ಬಯಲಿನಲ್ಲೇ ನಡೆದುಹೋಗುತ್ತದೆ.

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಧಾರವಾಡದಿಂದಲೇ ಹೊಸಪೇಟೆಯ ನವೀಕರಿಸಿದ ನಿಲ್ದಾಣವನ್ನು ಉದ್ಘಾಟಿಸಿದರು. ಹಂಪಿಯ ಸ್ಮಾರಕಗಳ ಮಾದರಿಯಲ್ಲಿ ಕಟ್ಟಿದ ಮುಖ. ಅದೇ ದಿನ ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮೂ ಲೋಕಾರ್ಪಣೆಯಾಯಿತು, ಅದರ ಉದ್ದ ಎಲ್ಲರ ಬಾಯಲ್ಲೂ ಓಡಾಡಿತು. ನಮ್ಮ ನಿಲ್ದಾಣದ ಚೆಂದವೂ ಕಡಿಮೆಯದಲ್ಲ. ಹೊರಗಿನವರು ಮೊಬೈಲ್ ಎತ್ತಿ ಫೋಟೊ ಹೊಡೆದುಕೊಳ್ಳುವಾಗ ನನಗೂ ಹೆಮ್ಮೆ. ಕಟ್ಟಡಕ್ಕೆ ಹಂಪಿ ಬಂತು, ಸರಿ. ಅದರ ಮುಂದಿನ ಬಯಲಿಗೂ ಹಂಪಿ ಬರಬೇಕು ಅನ್ನುವುದು ನನ್ನ ಹಂಬಲ.

ಯಾಕೆಂದರೆ ಗುಡಿಯ ಮುಂದಿನ ಜಾಗವನ್ನು ಹೇಗೆ ಕಟ್ಟಬೇಕೆಂದು ಹಂಪಿಯವರಷ್ಟು ತಿಳಿದವರು ಕಡಿಮೆ. ವಿರೂಪಾಕ್ಷ ಬಜಾರಿಗೆ ಹೋಗಿ ನಿಂತುಕೊಳ್ಳಿ. ನಡುವೆ ತೇರು ಎಳೆಯುವಷ್ಟು ಅಗಲದ ಬೀದಿ, ಎರಡೂ ಮಗ್ಗುಲಿಗೆ ಸಾಲು ಮಂಟಪ. ಮಂಟಪದ ಜಗಲಿ ನೆಲದಿಂದ ಎತ್ತರ. ಮಳೆ ನೀರು ಒಳಗೆ ನುಗ್ಗುವುದಿಲ್ಲ, ಮುದುಕರು ಬಗ್ಗದೆ ಕೂಡಬಹುದು, ಹೊರೆ ಹೊತ್ತವರು ಅದರ ಮೇಲೆ ಇಳಿಸಬಹುದು. ಮೇಲೆ ದಪ್ಪ ಕಲ್ಲಿನ ಹಾಸು, ಬೀದಿಯ ಕಡೆ ಬಯಲು. ಬಿಸಿಲು ತಡೆಯುತ್ತದೆ, ಗಾಳಿ ಆಡುತ್ತದೆ. ಕೃಷ್ಣ ಬಜಾರಿನ ಪಕ್ಕದಲ್ಲಿ ಪುಷ್ಕರಣಿ, ವಿಠ್ಠಲ ಬಜಾರಿನ ಪಕ್ಕದಲ್ಲೂ ಪುಷ್ಕರಣಿ. ನೆರಳು, ಜಗಲಿ, ನೀರು, ಅಂಗಡಿ: ದೂರದಿಂದ ನಡೆದು ಬಂದವನಿಗೆ ಬೇಕಾದದ್ದೆಲ್ಲ ಆ ಬೀದಿಯಲ್ಲಿತ್ತು. ಕೃಷ್ಣದೇವರಾಯನ ಕಾಲಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿಯ ಅಗಲವಾದ ಬೀದಿಯೊಂದನ್ನು ಕಂಡು ಬರೆದಿಟ್ಟಿದ್ದಾನೆ. ದಿನಾ ಸಂಜೆ ಅಲ್ಲಿ ಸಂತೆ. ಕುದುರೆಯಿಂದ ಹಿಡಿದು ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಲೆ, ಕಟ್ಟಿಗೆಯವರೆಗೂ ಮಾರಾಟ. ಅರಸರ ಊರಿನ ಸೊಬಗಿನ ನಡುವೆ ಕಟ್ಟಿಗೆ ಮಾರುವವನಿಗೂ ಜಾಗವಿತ್ತು ಅನ್ನುವುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಕಂಬದ ಕೆತ್ತನೆಯನ್ನು ಸಿಮೆಂಟಿನಲ್ಲಿ ತೆಗೆಯಬಹುದು. ಕಂಬ ನಿಂತದ್ದು ನೆರಳು ಹೊರಲಿಕ್ಕೆ ಅನ್ನುವುದನ್ನು ಮಾತ್ರ ಮರೆಯಬಾರದು. ನಮ್ಮ ಸೀಮೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಬಯಲಿಗೆಲ್ಲ ಪೇವರ್ ಕಲ್ಲು ಹಾಸಿದರೆ ಹಗಲೆಲ್ಲ ಕಾದದ್ದು ರಾತ್ರಿ ಒಂಬತ್ತಕ್ಕೂ ಆರುವುದಿಲ್ಲ. ಮಗುವನ್ನು ಮಲಗಿಸಲು ತಾಯಿ ಎರಡು ಮಡಿಕೆ ಕೌದಿ ಹಾಸಬೇಕು. ಅಲಂಕಾರದ ತಾಳೆ ಗಿಡ ನೆಟ್ಟರೆ ಅದರ ನೆರಳು ಅದರ ಬುಡಕ್ಕೇ ಸಾಲದು. ಬೇವು ನೆಡಬೇಕು, ಹೊಂಗೆ ನೆಡಬೇಕು, ಬುಡಕ್ಕೆ ಕಟ್ಟೆ ಕಟ್ಟಬೇಕು.

ವ್ಯಾಪಾರದವರ ಮಾತೂ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ತಳ್ಳುಗಾಡಿಯವರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿತು. ಆದರೆ ರೈಲ್ವೆಯ ಜಾಗಕ್ಕೆ ಅದು ಅನ್ವಯಿಸುವುದಿಲ್ಲವೆಂದು ಕಾಯ್ದೆಯಲ್ಲೇ ಬರೆದಿದೆ. ಹೀಗಾಗಿ ಯಾವುದೇ ಟೇಶನ್ ಮುಂದೆ ಒಂದು ಕಾಣದ ಗೆರೆ ಇರುತ್ತದೆ. ಗೆರೆಯ ಆಚೆ ನಗರಸಭೆ, ಈಚೆ ರೈಲ್ವೆ. ಒಗ್ಗರಣೆ-ಮಿರ್ಚಿ ಮಾರುವವನ, ಕಂಪ್ಲಿ ಕಡೆಯ ಬಾಳೆಹಣ್ಣಿನ ಬುಟ್ಟಿ ಇಟ್ಟ ಅವ್ವನ ಹಕ್ಕು ಆ ಗೆರೆಯ ಮೇಲೆ ನಿಂತುಬಿಡುತ್ತದೆ. ಎರಡೂ ಕಚೇರಿಯವರು ಒಂದೇ ನಕ್ಷೆಯ ಮುಂದೆ ಕೂತು ಹತ್ತಿಪ್ಪತ್ತು ಗಾಡಿಗೆ ನೆರಳಿನ ಜಾಗ ಗುರುತಿಸಿದರೆ ಆ ಅವ್ವನನ್ನು ಯಾರೂ ಎಬ್ಬಿಸುವಂತಿಲ್ಲ. ಹಂಪಿಯಲ್ಲೇ 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಸ್ಮಾರಕ ಉಳಿಯಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೂ ವ್ಯಾಪಾರಕ್ಕೆಂದೇ ಕಟ್ಟಿದ ಬೀದಿ ಬರಿದಾಗಿದ್ದನ್ನು ಕಂಡು ಹೊಟ್ಟೆಯಲ್ಲಿ ಸಂಕಟವಾಯಿತು. ಟೇಶನ್ ಬಯಲಿಗಾದರೂ ಆ ಗತಿ ಬೇಡ.

ವಾಹನಗಳ ಮಾತೂ ಇದೆ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ ಬೆಂಗಳೂರಿನಲ್ಲಿ ಇಳಿದವರಿಗೆ ಎದುರಿಗೇ ಕಾಣುವ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಒಂದು ಕಾಲದ ಧರ್ಮಾಂಬುಧಿ ಕೆರೆಯಲ್ಲಿ. ಟೇಶನ್ ಮುಂದೆ ಕೆರೆ ಇದ್ದ ಊರು ಅದು! ಬಸ್ಸು ಬೇಕಿತ್ತು, ನಿಜ. ಆದರೆ ಈಗ ಆ ಕಡೆ ಒಂದು ಗಳಿಗೆ ಸುಮ್ಮನೆ ಕೂಡುತ್ತೇನೆಂದರೆ ಎಲ್ಲಿ? ಹೊಸಪೇಟೆ ಇನ್ನೂ ಅಷ್ಟು ಇಕ್ಕಟ್ಟಾಗಿಲ್ಲ. 2021ರಲ್ಲಿ ಜಿಲ್ಲಾ ಕೇಂದ್ರವಾದ ಊರು; ಇನ್ನು ಮುಂದೆ ಕಾರು, ಆಟೊ, ಟ್ಯಾಕ್ಸಿ ಹೆಚ್ಚುತ್ತಲೇ ಹೋಗುತ್ತವೆ, ನಿಲ್ಲಿಸಲು ಜಾಗ ಕೇಳುತ್ತವೆ. ಕೇಳಿದಷ್ಟನ್ನೂ ಕೊಟ್ಟರೆ ನಡೆದು ಬರುವವರು, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೊರಟವರು ಎಲ್ಲಿ ನಿಲ್ಲಬೇಕು? ಆಟೊದವರಿಗೆ ಒಂದು ಮಗ್ಗುಲು ಸಾಲು ಮಾಡಿಕೊಡಲಿ. ನಟ್ಟನಡುವಿನ ಜಾಗ ಮಾತ್ರ ಕಾಲಿನ ಮೇಲೆ ಬಂದವರಿಗೆ ಇರಲಿ.

ಮುನಿರಾಬಾದಿನ ನಿಲ್ದಾಣ 2025ರ ಮೇ 22ರಂದು ಹೊಸದಾಗಿ ತೆರೆಯಿತು. ಬಳ್ಳಾರಿ, ಕೊಪ್ಪಳ, ಹರಿಹರದ ಹೆಸರುಗಳು 2023ರಲ್ಲೇ ನಿಲ್ದಾಣಗಳ ನವೀಕರಣದ ಅಮೃತ್ ಭಾರತ್ ಪಟ್ಟಿಗೆ ಸೇರಿವೆ. ಕೆಲಸ ಎಲ್ಲೆಲ್ಲೂ ನಡೆದಿರುವ ಕಾಲವಿದು, ಕೇಳಬೇಕಾದ್ದನ್ನು ಈಗಲೇ ಕೇಳಬೇಕು. ಟಿಕೀಟಿಲ್ಲದವರೂ ಹೋಗಬಹುದಾದ ಶೌಚಾಲಯ ಹೊರಗೆ ಬೇಕು, ರಾತ್ರಿ ಹೆಣ್ಣುಮಕ್ಕಳು ಅಂಜದೆ ಹೋಗುವಷ್ಟು ಬೆಳಕು ಅಲ್ಲಿರಬೇಕು. ಕುಡಿಯುವ ನೀರಿನ ನಲ್ಲಿ ಮಗುವಿನ ಕೈಗೂ ಎಟುಕಬೇಕು.

ನಮ್ಮ ಕಂಪ್ಲಿಗೂ ಒಂದಲ್ಲ ಒಂದು ದಿನ ರೈಲು ಬಂದೀತು, ಕೇಳುವವರು ಇನ್ನೂ ಕೇಳುತ್ತಲೇ ಇದ್ದಾರೆ. ಆಗ ಬರುವ ಎಂಜಿನಿಯರರು ನಕ್ಷೆ ಹಾಸಿ ಕೂತಾಗ ಮೊದಲ ಗೆರೆಯನ್ನು ಬೇವಿನ ಸಾಲಿಗೆ, ಜಗಲಿಗೆ, ನೀರಿಗೆ ಎಳೆಯಲಿ. ಗೋಪುರ ಎಲ್ಲಿ ಏಳಿಸಬೇಕೆಂಬುದನ್ನು ಆಮೇಲೆ ಮಾತಾಡೋಣ.