ಇಷ್ಟಪಟ್ಟೇ ಇದೀನಿ ಅಕ್ಕಾ

ಹಿರಿಯೂರು, ಹೊಸದುರ್ಗದ ನಡುವಿನ ಬಸ್ಸುಗಳಲ್ಲಿ ಆಕೆ 26 ವರ್ಷ ಓಡಾಡಿದರು. ಕೆಲಸ ಆರೋಗ್ಯ ಸಹಾಯಕಿಯದು. ಹಳ್ಳಿಯವರ ಬಾಯಲ್ಲಿ ನರ್ಸಕ್ಕ. ಹುಟ್ಟಿ ಬೆಳೆದದ್ದು, ಮದುವೆಯಾಗಿ ಬಾಳಿದ್ದು ಹೊಳಲ್ಕೆರೆಯಲ್ಲಿ. ನಿವೃತ್ತಿಯಾದ ಮೇಲೆ ಮಗನ ಜೊತೆ ಚಿತ್ರದುರ್ಗಕ್ಕೆ ಬಂದರು. ತತ್ವಶಾಸ್ತ್ರ ಎಂದರೆ ಮಠದ ಪ್ರವಚನ ಎಂದಷ್ಟೇ ತಿಳಿದಿದ್ದ ಅವರಿಗೆ, ಒಂದು ಮಧ್ಯಾಹ್ನ ಕರೆಂಟು ಹೋಗಿ ಟೀವಿ ನಿಂತಾಗ, ಸೊಸೆಯ ಕಪಾಟಿನಲ್ಲಿ ಸಿಮೋನ್ ದ ಬೋವಾ ಸಿಕ್ಕಿದರು. 1949ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ 'ದಿ ಸೆಕೆಂಡ್ ಸೆಕ್ಸ್'. ಎಚ್.ಎಸ್. ಶ್ರೀಮತಿಯವರು ಮಾಡಿದ ಕನ್ನಡ ಅನುವಾದ.

ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ. ಆದರೆ ಕೆಲವು ಪುಟಗಳಲ್ಲಿ ಬೆರಳು ನಿಂತುಬಿಟ್ಟಿತು. ಇದು ತಾನು ಎಂದೋ ಯಾರಿಗೋ ಆಡಿದ ಮಾತಲ್ಲವೆ?

ಆಡಿದ್ದು 1994ರ ಮಳೆಗಾಲದಲ್ಲಿ, ಹಿರಿಯೂರು ಕಡೆಯ ಒಂದು ಗೊಲ್ಲರಹಟ್ಟಿಯ ಹೊರಗೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರಾಚೆ ಇಡುವ ಪದ್ಧತಿ ಈ ಜಿಲ್ಲೆಯವರಿಗೆ ಹೊಸದಲ್ಲ. ಮುಳ್ಳುಬೇಲಿಯೊಳಗೆ ದೇವರಿದ್ದಾನೆ, ಸೂತಕ ಒಳಗೆ ಬರಬಾರದು. ಅಂದು ತೆಂಗಿನ ಗರಿಯ ಗುಡಿಸಲಿನಲ್ಲಿ ಇಪ್ಪತ್ತು ದಾಟದ ಬಾಣಂತಿ, ಒಂಬತ್ತು ದಿನದ ಕೂಸು. ಗರಿಯ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂಸಿನ ಅಂಗಾಲು ಮುಟ್ಟಿ ನೋಡಿದರೆ ತಣ್ಣಗೆ.

"ಇಷ್ಟಪಟ್ಟೇ ಇದೀನಿ ಅಕ್ಕಾ. ಯಾರೂ ತಳ್ಳಿಲ್ಲ," ಎಂದಳು ಹುಡುಗಿ.

ಜೊತೆಗೆ ಬಂದಿದ್ದ ಸಹೋದ್ಯೋಗಿ, "ಅವರ ಪದ್ಧತಿ, ನಮಗ್ಯಾಕೆ?" ಎಂದರು. ಅದೂ ಒಂದು ಮರ್ಯಾದೆಯೇ. ಆದರೆ ನರ್ಸಕ್ಕನ ಬಾಯಿಂದ ಬಂದದ್ದು ಬೇರೆ ಮಾತು: "ಒಳಗೂ ಇರಬೋದು ಅಂತ ಯಾರಾದ್ರೂ ನಿಂಗೆ ಹೇಳಿದ್ರಾ? ಹೇಳಿದ ಮೇಲೂ ಇಲ್ಲೇ ಇರ್ತೀನಿ ಅಂದ್ರೆ ಅದು ನಿನ್ನಿಷ್ಟ. ಒಂದೇ ಬಾಗಿಲಿದ್ದಾಗ ಅದ್ಯಾವ ಇಷ್ಟ? ಕೂಸಿಗಂತೂ ಅದೂ ಇಲ್ಲ."

ಹುಡುಗಿ ಉತ್ತರಿಸಲಿಲ್ಲ. ಹತ್ತು ಮಾರು ದೂರದಲ್ಲಿ ಗೋಣಿಕೊಪ್ಪೆ ಹೊದ್ದು ನಿಂತಿದ್ದ ಅತ್ತೆ, "ನಾನೂ ಮೂರು ಬಾಣಂತನ ಇಲ್ಲೇ ಕಳೆದೆ" ಎಂದಳು. ಬಯ್ಯಲು ಬಾಯಿ ತೆರೆದಿದ್ದ ನರ್ಸಕ್ಕ ಸುಮ್ಮನಾದರು. ಒಳಗೆ ಬಿಡಬೇಡಿ ಎಂದು ಕಾವಲು ನಿಂತವಳು, ಹಿಂದೆ ಇಲ್ಲೇ ನೆನೆದು ಮಲಗಿದವಳು.

ಒಂದು ಟ್ರಾಕ್ಟರು ಸಿಕ್ಕಿತು. ತಾಯಿ ಕೂಸು ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿದರು. ಯಾರೂ ಅಡ್ಡಿ ಮಾಡಲಿಲ್ಲ. ಆಸ್ಪತ್ರೆಯೂ ಹಟ್ಟಿಯ ಹೊರಗೇ ತಾನೆ! ಕೂಸು ಉಳಿಯಿತು. ಪದ್ಧತಿಯೂ ಉಳಿಯಿತು.

ಇದನ್ನೆಲ್ಲ ಕೇಳಿದ ಸೊಸೆ (ಕಾಲೇಜಿನಲ್ಲಿ ಪಾಠ ಹೇಳುವವಳು) ಒಂದು ಸಂಗತಿ ತಿಳಿಸಿದಳು. 1947ರಲ್ಲಿ ಬಂದ, ನೀತಿಯ ಕುರಿತಾದ ಇನ್ನೊಂದು ಪುಸ್ತಕದಲ್ಲಿ ಬೋವಾ ಇದೇ ಪ್ರಶ್ನೆ ಎತ್ತಿದ್ದಾರೆ: ಬೇರೆ ದಾರಿ ಇದೆಯೆಂದೇ ಅರಿಯದವರು ತಮ್ಮ ಸ್ಥಿತಿಗೆ ಒಪ್ಪಿಕೊಂಡರೆ ಅದನ್ನು ತಪ್ಪೆನ್ನಲಾಗದು, ದಾರಿ ಕಂಡ ಮೇಲೂ ಒಪ್ಪಿದರೆ ಆಗ ಹೊಣೆ ಅವರದೂ ಹೌದು. ತನ್ನ ಬಿಡುಗಡೆ ಇನ್ನೊಬ್ಬರ ಬಿಡುಗಡೆಯನ್ನು ಬಿಟ್ಟು ಇರಲಾರದು ಎಂಬುದೂ ಅಲ್ಲಿದೆ. ನರ್ಸಕ್ಕನಿಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಕಸಿವಿಸಿ.

ಕಾರಣ ಹೊಳಲ್ಕೆರೆಯ ಮನೆಯಲ್ಲಿತ್ತು. ಅವರ ಮನೆಯಲ್ಲೂ ತಿಂಗಳಿಗೆ ಮೂರು ದಿನ ಹಿತ್ತಿಲ ಪಡಸಾಲೆ, ಬೇರೆ ತಟ್ಟೆ, ಬೇರೆ ಚಾಪೆ. ನಿಜ ಹೇಳಬೇಕೆಂದರೆ ಅದರಲ್ಲಿ ಸುಖವೂ ಇತ್ತು. ಒಲೆ ಹಚ್ಚುವ ಹಾಗಿಲ್ಲ, ಯಾರೂ ಏನೂ ಕೇಳುವ ಹಾಗಿಲ್ಲ, ಏನನ್ನೂ ತಾನು ತೀರ್ಮಾನಿಸಬೇಕಾಗಿಲ್ಲ. ಕಟ್ಟಿಹಾಕುವುದರ ಜೊತೆ ಕೊಂಚ ನೆಮ್ಮದಿಯನ್ನೂ ಕೊಡುವುದು ಇಂಥ ಏರ್ಪಾಡುಗಳ ಜಾಣತನ. ಬೋವಾ ಇದನ್ನೂ ಬಿಟ್ಟಿಲ್ಲ. ಹಟ್ಟಿಯ ಹುಡುಗಿಗೆ ಬಾಗಿಲಿನ ಪಾಠ ಹೇಳುವ ಹಿಂದಿನ ತಿಂಗಳಷ್ಟೇ ತನ್ನ ಮಗಳಿಗೆ ಆ ಚಾಪೆ ಹಾಸಿಕೊಟ್ಟವರು ಇವರೇ.

ಆಸ್ಪತ್ರೆಯಿಂದ ಮರಳಿದ ರಾತ್ರಿ ಆ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದರು. ಮನೆಯ ಹಿರಿಯರು ಮುಖ ಗಂಟಿಕ್ಕಿದಾಗ, "ಪಾಪ ಬಂದರೆ ನನಗೆ ಬರಲಿ" ಎಂದರು.

ಕೋಟೆಯಲ್ಲಿ ಓಬವ್ವನ ಕಿಂಡಿ ತೋರಿಸುವವರು ಹೇಳುವ ಕತೆ ಎಲ್ಲರಿಗೂ ಗೊತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ನೀರಿಗೆ ಹೋದ ಹೆಂಡತಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡು ಒನಕೆ ಎತ್ತಿದಳು. ಗಂಡನನ್ನು ಊಟದಿಂದ ಎಬ್ಬಿಸಲಿಲ್ಲವೆಂದು ಹೊಗಳುವವರೇ ಹೆಚ್ಚು. 2021ರಿಂದ ಸರ್ಕಾರವೂ ನವೆಂಬರ್ 11ರಂದು ಓಬವ್ವನ ಜಯಂತಿ ಆಚರಿಸುತ್ತಿದೆ. ನರ್ಸಕ್ಕನಿಗೆ ಕಾಣುವುದು ಬೇರೆ: ಆ ಗಳಿಗೆಯಲ್ಲಿ ಹೀಗೆ ಮಾಡು ಎನ್ನಲು ಅವಳ ಹಿಂದೆ ಯಾರೂ ಇರಲಿಲ್ಲ. ಪಾಪ ನನಗೆ ಬರಲಿ ಎಂದ ರಾತ್ರಿ ತನ್ನ ಹಿಂದೆಯೂ ಯಾರೂ ಇರಲಿಲ್ಲ ಎಂದು ಅವರು ಸಣ್ಣದಾಗಿ ಸಮಾಧಾನಪಟ್ಟುಕೊಂಡಿದ್ದರು.

2023ರಲ್ಲಿ ತುಮಕೂರು ಕಡೆಯ ಗೊಲ್ಲರಹಟ್ಟಿಯೊಂದರಲ್ಲಿ ಊರಾಚೆ ಇಟ್ಟಿದ್ದ ಹಸುಗೂಸು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಆ ಸಮಾಧಾನವೂ ಕದಡಿತು. ಸುಮಾರು ಮೂವತ್ತು ವರ್ಷ! ಅಂದು ತಾನು ಬಾಗಿಲು ತೆರೆಯಲಿಲ್ಲ, ಬೇಲಿಯ ಪಕ್ಕದಿಂದ ಟ್ರಾಕ್ಟರು ಓಡಿಸಿದೆ ಅಷ್ಟೆ. ಆಮೇಲೆ ಇನ್ನೊಂದು ಹೊಳೆಯಿತು. ಹಟ್ಟಿಯ ಹುಡುಗಿಯನ್ನಾದರೂ ಪ್ರಶ್ನೆ ಕೇಳಿದ್ದರು. ಚಾಪೆ ಸುತ್ತುವ ಮುನ್ನ ಮಗಳನ್ನು ಕೇಳಿಯೇ ಇರಲಿಲ್ಲ. ಹಾಸಿದ್ದೂ ಅಮ್ಮ, ಸುತ್ತಿದ್ದೂ ಅಮ್ಮ.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಮಾಡಿದರು. ಅವಳು ಗಟ್ಟಿಯಾಗಿ ನಕ್ಕಳು.

"ಕೇಳಿದ್ರೆ ಚಾಪೇನೇ ಇರಲಿ ಅಂತಿದ್ದೆನಮ್ಮ. ಕಾದಂಬರಿ ಅರ್ಧಕ್ಕೆ ನಿಂತಿತ್ತು. ಮಾರನೇ ದಿನ ಬೆಳಿಗ್ಗೇನೇ ನೀನು ನನ್ನ ಕೈಲಿ ರೊಟ್ಟಿ ಬಡಿಸಿದೆ."