ಪಚ್ಚೆ ಕೇಳಿದ್ದು ಮರಳು

ಜಪಾನಿನಲ್ಲಿ ಗೋಸುಂಬೆಯನ್ನು ಮನೆಯಲ್ಲಿ ಕೂತು ಫೋನಿನಲ್ಲಿ ತರಿಸಿಕೊಳ್ಳುವ ಹಾಗಿಲ್ಲ. ಸಸ್ತನಿಯಾಗಲಿ, ಹಕ್ಕಿಯಾಗಲಿ, ಸರೀಸೃಪವಾಗಲಿ, ಮಾರುವವರು ಆ ಜೀವವನ್ನು ಕಣ್ಣೆದುರೇ ತೋರಿಸಿ, ಮುಖಾಮುಖಿ ಕೂತು ವಿವರಿಸಬೇಕೆಂಬ ನಿಯಮ 2013ರಿಂದ ಇದೆ. 2020ರ ಜೂನ್‌ನಲ್ಲಿ ಅದು ಇನ್ನೂ ಬಿಗಿಯಾಗಿ, ಮಾರುವವರ ನೋಂದಾಯಿತ ಜಾಗದಲ್ಲೇ ಈ ವಿವರಣೆ ನಡೆಯಬೇಕು ಎಂದಾಯಿತು. ಎಷ್ಟು ದೊಡ್ಡದಾಗುತ್ತದೆ, ಎಷ್ಟು ವರ್ಷ ಬದುಕುತ್ತದೆ, ಏನು ತಿನ್ನುತ್ತದೆ, ಯಾವ ಕಾಯಿಲೆ ಬರುತ್ತದೆ ಎಂದು 18 ಅಂಶಗಳನ್ನು ಕಾಗದದಲ್ಲಿ ಕೊಟ್ಟು, ಕೇಳಿ ತಿಳಿದುಕೊಂಡೆ ಎಂದು ಕೊಳ್ಳುವವರಿಂದ ಸಹಿ ಪಡೆಯಬೇಕು. ಅಂಥ ಒಂದು ಕಾಗದ ನಮ್ಮ ಮನೆಯ ಫೈಲಿನಲ್ಲಿದೆ. ಕೆಳಗೆ ನನ್ನ ಸಹಿ ಇದೆ. ಸಹಿ ಹಾಕಿದಾಗ ಅದರಲ್ಲಿ ಏನು ಬರೆದಿದೆ ಎಂದು ನನಗೆ ಗೊತ್ತಿರಲಿಲ್ಲ.

ನಾವಿರುವುದು ಚಿಬಾ ಪ್ರಾಂತ್ಯದ ಉರಯಾಸುವಿನಲ್ಲಿ. ಡಿಸ್ನಿಲ್ಯಾಂಡ್ ಇರುವ ಊರು ಎಂದರೆ ಊರಿನಲ್ಲಿರುವ ನೆಂಟರಿಗೂ ತಿಳಿಯುತ್ತದೆ. ಹೊಳೆ ದಾಟಿದರೆ ಎದೊಗಾವಾದ ನಿಶಿ-ಕಸಾಯ್; ತೊಗರಿಬೇಳೆ, ಕರಿಬೇವಿಗೆ ಅಲ್ಲಿಗೇ ಹೋಗುತ್ತೇವೆ. ನಮ್ಮ ಬಾಡಿಗೆ ಕರಾರಿನಲ್ಲಿ ನಾಯಿ, ಬೆಕ್ಕು ಕೂಡದು ಎಂದಿದೆ, ಪಂಜರದೊಳಗಿನ ಸಣ್ಣ ಪ್ರಾಣಿಗೆ ಅಡ್ಡಿಯಿಲ್ಲ. ಮಗಳು ಸ್ಥಳೀಯ ಶಾಲೆಯಲ್ಲಿ ಮೂರನೆಯ ತರಗತಿ. ಒಂದು ಪ್ರಾಣಿ ಬೇಕು ಎಂದು ಅವಳು ಹಟ ಹಿಡಿದಾಗ, ಗೋಸುಂಬೆ ಎಂಬ ಮಾತು ಬಂದದ್ದು ನನ್ನ ಬಾಯಿಂದಲೇ.

ಅದಕ್ಕೆ ಹಳೆಯ ಕಾರಣವಿದೆ. ನಾನು ಶಿರಾ ಕಡೆಯವನು. ಹೊಂಗೆ, ಜಾಲಿಗಳ ನಡುವೆ ಗೋಸುಂಬೆ ಕಂಡರೆ ಹುಡುಗರೆಲ್ಲ ಕಲ್ಲು ಹುಡುಕುತ್ತಿದ್ದೆವು. ತಾತ ಒಬ್ಬರು ಮಾತ್ರ ಗದರಿಸುತ್ತಿದ್ದರು. ಆಮೇಲೆ ಹೈಸ್ಕೂಲಿನಲ್ಲಿ ತೇಜಸ್ವಿಯವರ ‘ಕರ್ವಾಲೊ’ ಓದಿ, ಒಂದು ಓತಿಯ ಹಿಂದೆ ಕಾಡು ಅಲೆಯುವ ಜನರೂ ಇರುತ್ತಾರೆ ಎಂದು ತಿಳಿದು, ಆ ಕಲ್ಲುಗಳ ನೆನಪು ಚುಚ್ಚತೊಡಗಿತು. ನಮ್ಮ ನಾಡಿನ ಗೋಸುಂಬೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಜಪಾನಿನಲ್ಲಿ ಸಿಗುವುದು ಬೇರೆ ಜಾತಿ: ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ಎತ್ತರದ ಕಿರೀಟದಂಥ ಮೂಳೆ ಇರುವ ಗೋಸುಂಬೆ. ಹಳೆಯ ಕಾಲದ ಆಸ್ಥಾನಿಕರ ಟೋಪಿಯ ಹೆಸರನ್ನೇ ಕೊಟ್ಟು ಇಲ್ಲಿ ಅದನ್ನು ಎಬೊಶಿ ಕಮೆರೆಯೊನ್ ಎನ್ನುತ್ತಾರೆ.

ಕಾಡಿನಿಂದ ಹಿಡಿದು ತಂದದ್ದು ಬೇಡ ಎಂದು ಮೊದಲೇ ನಿರ್ಧರಿಸಿದ್ದೆ. ದೂರದಿಂದ ಬರುವಷ್ಟರಲ್ಲಿ ಅವು ನೀರಿಲ್ಲದೆ ಬಳಲಿರುತ್ತವೆ, ಹೊಟ್ಟೆಯಲ್ಲಿ ಹುಳುವಿರುತ್ತದೆ, ಅವುಗಳ ವ್ಯಾಪಾರವೂ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟದ್ದು. ಆದ್ದರಿಂದ ಮನೆಯಲ್ಲೇ ಮರಿ ಮಾಡಿಸುವ ಬ್ರೀಡರ್ ಒಬ್ಬರನ್ನು ಹುಡುಕಿದೆ. ಅದು ಸರಿಯಾದ ತೀರ್ಮಾನ ಎಂದು ಇವತ್ತಿಗೂ ಹೇಳುತ್ತೇನೆ. ಆದರೆ ಆ ಒಂದು ಸರಿಯಾದ ಹೆಜ್ಜೆ ಇಟ್ಟದ್ದೇ, ಇನ್ನು ಮುಂದಿನದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂಬ ಧೈರ್ಯ ನನಗೆ ಬಂದುಬಿಟ್ಟಿತು.

ಬ್ರೀಡರ್ ನಡುವಯಸ್ಸು ದಾಟಿದವರು. ಮನೆಯ ಒಂದು ಕೋಣೆ ಪೂರ್ತಿ ಜಾಲರಿ ಪಂಜರಗಳು, ಗಿಡಗಳು, ತುಂತುರು ನೀರಿನ ಕೊಳವೆಗಳು. ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಕಾಗದ ಮುಂದಿಟ್ಟುಕೊಂಡು ಒಂದೊಂದೇ ಸಾಲಿನ ಕೆಳಗೆ ಪೆನ್ನು ಆಡಿಸುತ್ತ ವಿವರಿಸಿದರು. ಕೆಲವು ಮಾತು ತಿಳಿಯಿತು. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಗಾಳಿ ಆಡುವ ಪಂಜರ ಬೇಕು. ನೇರಳಾತೀತ ಕಿರಣದ ದೀಪವಿಲ್ಲದಿದ್ದರೆ ಮೂಳೆ ಮೆತ್ತಗಾಗುತ್ತದೆ. ಅಲ್ಲಿಂದ ಮುಂದೆ ಅವರ ಮಾತು ನನ್ನ ಜಪಾನಿ ಭಾಷೆಯ ಅಳತೆ ಮೀರಿತು. ಆಫೀಸಿನ ಮೀಟಿಂಗುಗಳಲ್ಲಿ ಹೀಗಾದಾಗ ಮಾಡುವುದನ್ನೇ ಅಲ್ಲೂ ಮಾಡಿದೆ. ಮುಖದಲ್ಲಿ ಗಮನ ತುಂಬಿಕೊಂಡು, ಹೌದು ಹೌದು ಎಂಬರ್ಥದ ‘ಹಾಯ್, ಹಾಯ್’ ಎನ್ನುತ್ತ ತಲೆಯಾಡಿಸಿದೆ.

ನಾವು ಆರಿಸಿದ್ದು ಹೆಣ್ಣು. ಮಗಳ ಕೈ ಮೇಲೆ ತಾನಾಗಿ ಹತ್ತಿ ಬಂದದ್ದು ಅದು. ಬ್ರೀಡರ್ ಸ್ವಲ್ಪ ಯೋಚಿಸಿ, ಮೊದಲ ಸಲ ಸಾಕುವವರಿಗೆ ಗಂಡು ಒಳ್ಳೆಯದು ಎಂದು ಇನ್ನೊಂದು ಪಂಜರ ತೋರಿಸಿದರು. ಅಲ್ಲಿ ಬೆಲೆ ಹೆಚ್ಚಿತ್ತು. ವ್ಯಾಪಾರದ ಮಾತು ಎಂದುಕೊಂಡೆ. ಆಮೇಲೆ ಅವರು ಕಾಗದದ ಹಿಂಬದಿಯಲ್ಲಿ ಒಂದು ಚಿತ್ರ ಬರೆದರು: ಡಬ್ಬ, ಅದರೊಳಗೆ ಚುಕ್ಕೆ ಚುಕ್ಕೆ, ಪಕ್ಕದಲ್ಲಿ 30 ಸೆಂಟಿಮೀಟರ್ ಎಂದು ಬಾಣದ ಗುರುತು. ಮಗಳು ನನ್ನ ತೋಳು ಹಿಡಿದು, “ಅಪ್ಪಾ, ಇವರು ಮೊಟ್ಟೆ ಅಂತಿದಾರೆ. ಗಂಡು ಇಲ್ದಿದ್ರೂ ಮೊಟ್ಟೆ ಇಡತ್ತಂತೆ. ಮರಳು ಬೇಕಂತೆ,” ಎಂದಳು. “ಗೊತ್ತಾಯ್ತು, ಇರು ಪುಟ್ಟಿ,” ಎಂದೆ. ಎಂಟು ವರ್ಷದ ಮಗಳು ಅಪ್ಪನಿಗೆ ಅರ್ಥ ಹೇಳಿಕೊಡುವುದನ್ನು ಎದುರಿಗಿದ್ದವರು ನೋಡಬಾರದು ಎನ್ನಿಸಿತ್ತು. ಸಹಿ ಹಾಕಿದೆ.

ಮಗಳು ಅದಕ್ಕೆ ಪಚ್ಚೆ ಎಂದು ಹೆಸರಿಟ್ಟಳು.

ಪಂಜರ, ದೀಪ, ನೀರು ಸಿಂಪಡಿಸುವ ಬಾಟಲಿ ಎಲ್ಲವನ್ನೂ ಸರಿಯಾಗಿಯೇ ತಂದಿದ್ದೆ. ಒಳಗೆ ಕುಂಡದಲ್ಲಿ ಮನಿಪ್ಲಾಂಟ್ ಇಟ್ಟೆವು. ಆಹಾರಕ್ಕೆ ಕೋರೊಗಿ, ನಮ್ಮೂರಿನಲ್ಲಿ ರಾತ್ರಿಯೆಲ್ಲ ಕಿರ್ರೆನ್ನುವ ಹುಳುವಿನ ಜಾತಿ. ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಮೈಯುದ್ದಕ್ಕಿಂತ ಉದ್ದದ ನಾಲಿಗೆ ಚಿಮ್ಮಿ ಹುಳು ಮಾಯವಾಗುವುದನ್ನು ನೋಡಲು ಮನೆಯಲ್ಲಿ ಮೂವರೂ ಕಾಯುತ್ತಿದ್ದೆವು. ಅದು ಒಂದನ್ನು ತಿಂದರೆ ಇನ್ನೊಂದು ಕೊಡುತ್ತಿದ್ದೆ. ಬಂದವರ ಎಲೆಗೆ ಬೇಡವೆಂದರೂ ಇನ್ನೊಂದು ಹಿಡಿ ಬಡಿಸುವ ಮನೆಯಲ್ಲಿ ಬೆಳೆದವನು ನಾನು. ಹೊಟ್ಟೆ ತುಂಬಿಸುವುದೇ ನನಗೆ ಗೊತ್ತಿರುವ ಪ್ರೀತಿ. ಬೆಳೆದ ಹೆಣ್ಣಿಗೆ ಹೊಟ್ಟೆ ತುಂಬ ತಿನ್ನಿಸಿದಷ್ಟೂ, ಬಿಸಿ ಹೆಚ್ಚು ಕೊಟ್ಟಷ್ಟೂ ಮೊಟ್ಟೆಯ ಸಂಖ್ಯೆ ಏರುತ್ತದೆ ಎಂಬುದು ಸಾಕುವವರೆಲ್ಲ ಬಲ್ಲ ಸಂಗತಿ. ದಿನ ಬಿಟ್ಟು ದಿನ ಕೆಲವೇ ಹುಳು ಸಾಕು ಎಂದು ಆ ಕಾಗದದಲ್ಲೂ ಇತ್ತು.

ಕೆಲವು ತಿಂಗಳಿಗೆ ಪಚ್ಚೆಯ ಮೈ ಬಣ್ಣ ಬದಲಾಯಿತು. ಗಾಢ ಹಸಿರಿನ ಮೇಲೆ ಹಳದಿ ಮತ್ತು ನೀಲಿ ಚುಕ್ಕೆಗಳು. ಕಣ್ಣು ತಿರುಗಿಸಲಾಗದ ಚೆಲುವು. ನಾನು ಮಗಳನ್ನು ಕೂರಿಸಿಕೊಂಡು ಪಾಠ ಮಾಡಿದೆ. ಗೋಸುಂಬೆಯ ಚರ್ಮದ ಜೀವಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ, ಅವುಗಳ ನಡುವಿನ ಅಂತರ ಬದಲಾದಾಗ ಅವು ಬೇರೆ ಬಣ್ಣದ ಬೆಳಕನ್ನು ಹಿಂದಕ್ಕೆ ಕಳಿಸುತ್ತವೆ, 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಇದನ್ನು ತೋರಿಸಿಕೊಟ್ಟರು, ಎಂದೆಲ್ಲ. ಹೇಳಿದ್ದು ನಿಜವೇ. ಆದರೆ ಬಣ್ಣ ಹೇಗೆ ಬರುತ್ತದೆ ಎಂದು ಓದಿಕೊಂಡಿದ್ದ ನಾನು, ಆ ಬಣ್ಣ ಏನು ಹೇಳುತ್ತಿದೆ ಎಂದು ಕೇಳಲಿಲ್ಲ. ಹೊಟ್ಟೆಯಲ್ಲಿ ಮೊಟ್ಟೆ ಹೊತ್ತ ಹೆಣ್ಣಿನ ಬಣ್ಣ ಅದು.

ಮುಂದಿನದನ್ನು ಬರೆಯುವುದು ಕಷ್ಟ. ಸದಾ ಕೊಂಬೆಯ ಮೇಲಿರುತ್ತಿದ್ದ ಪಚ್ಚೆ ಕೆಳಕ್ಕಿಳಿಯತೊಡಗಿತು. ಪಂಜರದ ನೆಲದ ಮೂಲೆ ಮೂಲೆಯನ್ನೂ ಮುಂಗಾಲಿನಿಂದ ಕೆರೆಯಿತು. ಮನಿಪ್ಲಾಂಟ್ ಕುಂಡಕ್ಕೆ ಹತ್ತಿ ಮಣ್ಣು ತೋಡಿ ಹೊರಗೆ ಚೆಲ್ಲಿತು. “ರೀ, ಇದಕ್ಕೇನೋ ಆಗಿದೆ, ಒಂದ್ಸಲ ಆ ಬ್ರೀಡರ್‌ಗೆ ಫೋನ್ ಮಾಡಿ,” ಎಂದು ಹೆಂಡತಿ ಹೇಳಿದಳು. ಫೋನಿನಲ್ಲಿ ಜಪಾನಿ ಮಾತಾಡುವುದೆಂದರೆ ನನಗೆ ಎದೆ ನಡುಗುತ್ತದೆ. ಆಟವಾಡುತ್ತಿದೆ, ಚುರುಕಾಗಿದೆ ಎಂದೆ. ವೀಡಿಯೊ ಮಾಡಿ ಶಿರಾಕ್ಕೆ, ಅಮ್ಮನಿಗೆ ಕಳಿಸಿದೆ. ಮಣ್ಣು ಚೆಲ್ಲದಿರಲೆಂದು ಕುಂಡದ ತುಂಬ ಬೆಣಚುಕಲ್ಲು ಜೋಡಿಸಿದೆ.

ಅದು ತೋಡಲು ಜಾಗ ಹುಡುಕುತ್ತಿತ್ತು. ಈ ಜಾತಿಯ ಹೆಣ್ಣು ಒಂದು ಸಲಕ್ಕೆ 20ರಿಂದ 70ರವರೆಗೂ ಮೊಟ್ಟೆ ಹೊರುತ್ತದೆ, ಗಂಡಿನ ಸಂಗವಿಲ್ಲದೆಯೂ. ಕುಸಿಯದಷ್ಟು ಒದ್ದೆಯಾದ, ಆಳವಾದ ಮರಳು ಬೇಕು. ತೋಡುವಾಗ ಯಾರೂ ನೋಡುತ್ತಿರಬಾರದು, ನೋಡುತ್ತಿದ್ದಾರೆಂದು ಕಂಡರೆ ಅರ್ಧಕ್ಕೇ ಬಿಟ್ಟುಬಿಡುತ್ತದೆ. ನಾವು ಮೂವರು ಫೋನು ಹಿಡಿದು ಸುತ್ತ ನಿಂತಿದ್ದೆವು. ಉರಯಾಸುವಿನ ಬಹುಪಾಲು ನೆಲ ಸಮುದ್ರ ತುಂಬಿಸಿ ಮಾಡಿದ್ದು. 2011ರ ಮಾರ್ಚ್ 11ರ ಭೂಕಂಪದಲ್ಲಿ ಅಡಿಯ ಮರಳು ನೀರಿನೊಂದಿಗೆ ರಸ್ತೆಗಳಿಗೆ ಉಕ್ಕಿ ಬಂದು ಓಣಿಗಳನ್ನು ತುಂಬಿತ್ತು ಎಂದು ನೆರೆಯವರು ಈಗಲೂ ಹೇಳುತ್ತಾರೆ. ಅಂಥ ಊರಿನಲ್ಲಿ ಪಚ್ಚೆಗೆ ಒಂದು ಡಬ್ಬ ಮರಳು ನಾನು ಕೊಡಲಿಲ್ಲ.

ಕೆರೆಯುವುದು ನಿಂತಿತು. ಹಗಲಿನಲ್ಲೂ ಕಣ್ಣು ಮುಚ್ಚಿ ಕೂರತೊಡಗಿದಾಗ ಸರೀಸೃಪ ನೋಡುವ ವೈದ್ಯರಲ್ಲಿಗೆ ಒಯ್ದೆವು. ಗೋಸುಂಬೆ ಹಗಲು ಕಣ್ಣು ಮುಚ್ಚಿತೆಂದರೆ ಎಷ್ಟೋ ಸಲ ಆಗಲೇ ತಡವಾಗಿರುತ್ತದೆ. ಎಕ್ಸ್-ರೇಯಲ್ಲಿ ಹೊಟ್ಟೆ ತುಂಬ ಒತ್ತಿಕೊಂಡ ಗುಂಡು ನೆರಳುಗಳು. ಮೊಟ್ಟೆ ಕಟ್ಟಿಕೊಂಡಿದೆ, ಆಪರೇಷನ್ ಮಾಡಿ ನೋಡಬಹುದು, ಆದರೆ ತುಂಬ ಸೋತುಹೋಗಿದೆ ಎಂದರು ವೈದ್ಯೆ. ಆಮೇಲೆ ಮೆಲ್ಲಗೆ ಕೇಳಿದರು: ಹೆಣ್ಣು ಮೊಟ್ಟೆ ಇಡುತ್ತದೆ ಎಂದು ಮಾರಿದವರು ಹೇಳಿರಲಿಲ್ಲವೇ?

“ಇಲ್ಲ,” ಎಂದೆ. ಅಷ್ಟು ಸ್ಪಷ್ಟವಾದ ಜಪಾನಿ ವಾಕ್ಯ ನಾನು ಅದಕ್ಕೆ ಮುಂಚೆ ಆಡಿರಲಿಲ್ಲವೇನೋ. ವೈದ್ಯೆ ಅದನ್ನು ಬರೆದುಕೊಂಡರು. ಪಕ್ಕದಲ್ಲಿ ನಿಂತಿದ್ದ ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು. ಅಲ್ಲಿ ಏನೂ ಹೇಳಲಿಲ್ಲ. ವಾಪಸು ಬರುವಾಗ ಕೇಯೊ ಲೈನಿನ ರೈಲಿನಲ್ಲಿ, “ಅಪ್ಪಾ, ಅವರು ಹೇಳಿದ್ರು. ನಾನೂ ಹೇಳಿದ್ದೆ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮರೆತಿದ್ದೇನೆ, ನೆನಪಿಸಬೇಕು ಎಂದುಕೊಂಡಿದ್ದಳು.

ಆಪರೇಷನ್ ಆದ ರಾತ್ರಿ ಪಚ್ಚೆ ಸತ್ತಿತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಯಾವುದು ಎಂದು ಬಹಳ ಯೋಚಿಸಿದ್ದೇನೆ. ಭಾಷೆ ಬರಲಿಲ್ಲ ಎಂಬುದು ನೆಪವಾಗದು. ಅರ್ಥ ಹೇಳುವವಳು ಪಕ್ಕದಲ್ಲೇ ಇದ್ದಳು, ಜೇಬಿನಲ್ಲಿದ್ದ ಫೋನಿಗೂ ಆ ಕಾಗದ ಓದಲು ಬರುತ್ತಿತ್ತು. ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳಲು ನನಗೆ ಆಗಲಿಲ್ಲ, ಅದೂ ಮಗಳ ಎದುರಿಗೆ. ಪರದೇಶದಲ್ಲಿ ವರ್ಷಗಟ್ಟಲೆ ಅರ್ಧ ತಿಳಿದು ಪೂರ್ತಿ ತಲೆಯಾಡಿಸಿ ಬದುಕಿದ್ದೇನೆ. ಆಫೀಸಿನಲ್ಲಿ ಅದರ ಬೆಲೆ ಒಂದು ತಪ್ಪಿದ ಗಡುವು, ಒಂದು ಕ್ಷಮಾಪಣೆಯ ಮೇಲ್. ಮಾತು ಬಾರದ ಜೀವವೊಂದು ನನ್ನ ಆ ಅಭ್ಯಾಸವನ್ನು ನಂಬಿ ನಮ್ಮ ಮನೆಗೆ ಬಂದಿತ್ತು. ತೋಡಿ, ಕೆರೆದು, ಬಣ್ಣ ತೋರಿಸಿ, ಅದು ತನಗೆ ಬೇಕಾದದ್ದನ್ನು ನನಗಿಂತ ನೇರವಾಗಿ ಕೇಳಿತ್ತು.

ಆ ಕಾಗದವನ್ನು ಕೊನೆಗೆ ಮಗಳೊಂದಿಗೆ ಕೂತು ಓದಿದೆ. ಅವಳಿಗೆ ಬಾರದ ಕಾಂಜಿ ಅಕ್ಷರಗಳನ್ನು ಫೋನಿನಲ್ಲಿ ನೋಡಿಕೊಂಡೆವು. ಎಲ್ಲವೂ ಅದರಲ್ಲಿತ್ತು. ಮಾರನೆಯ ದಿನ ವೈದ್ಯೆಯ ಬಳಿ ಹೋಗಿ, ಮಾರಿದವರು ಹೇಳಿದ್ದರು, ಸಹಿ ನನ್ನದೇ ಎಂದು ಕಾಗದ ತೋರಿಸಿದೆ. ಅವರು ಹಿಂದೆ ಬರೆದದ್ದನ್ನು ಹೊಡೆದು ಹಾಕಿ ತಿದ್ದಿದರು. ಬೇರೇನೂ ಕೇಳಲಿಲ್ಲ.

ಬ್ರೀಡರ್ ಮನೆಗೆ ಮಗಳೂ ಬಂದಳು. ಈ ಸಲ ಮಾತಾಡಿದ್ದು ಅವಳು, ನಾನು ತಿಳಿಯದಲ್ಲೆಲ್ಲ ನಿಲ್ಲಿಸಿ ಕೇಳಿದೆ. ಅವರು ಪಂಜರದ ಶಾಖ, ದೀಪದ ದೂರ, ದಿನಕ್ಕೆ ಎಷ್ಟು ಹುಳು ಎಂದೆಲ್ಲ ವಿಚಾರಿಸಿದರು. ನನ್ನಲ್ಲಿ ಲೆಕ್ಕವಿರಲಿಲ್ಲ, ವೀಡಿಯೊಗಳಿದ್ದವು. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಪಚ್ಚೆ ಕುಂಡದ ಮಣ್ಣು ತೋಡುವ ವೀಡಿಯೊ ಬಂದಾಗ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ನೋಡಿದರು. ಈ ದಿನ ಮರಳು ಸಿಕ್ಕಿದ್ದರೆ ಇಟ್ಟಿರುತ್ತಿತ್ತು ಎಂದರು. ತಪ್ಪು ತಮ್ಮದೂ ಇದೆ, ಕೇಳಿದ್ದನ್ನು ವಾಪಸು ಹೇಳಿ ಎಂದು ನಿಮ್ಮನ್ನು ಕೇಳಬೇಕಿತ್ತು ಎಂದೂ ಹೇಳಿದರು. ಅದನ್ನು ಮಗಳು ಕನ್ನಡಕ್ಕೆ ತರುವ ಮುಂಚೆಯೇ ನನಗೆ ತಿಳಿದಿತ್ತು, ತಲೆ ಎತ್ತಲಾಗಲಿಲ್ಲ.

ಆ ವೀಡಿಯೊ ಕೊಡುವಿರಾ, ಹೆಣ್ಣು ಕೊಳ್ಳಲು ಬರುವವರಿಗೆ ತೋರಿಸುತ್ತೇನೆ ಎಂದು ಕೇಳಿದರು. ಅದರಲ್ಲಿ ನನ್ನ ನಗುವಿದೆ. “ನೋಡು ನೋಡು, ಹೇಗೆ ಆಡ್ತಿದೆ!” ಎಂಬ ಮಾತೂ ಇದೆ. ದನಿಯನ್ನು ತೆಗೆದುಹಾಕಲೇ ಎಂದು ವಿಚಾರಿಸಿದರು. ಬೇಡ, ಹಾಗೇ ಇರಲಿ ಎಂದೆ.