ಡಾಲರ್ ಕೊಡುವುದು ಸುಲಭ

ಸುಡಾನಿನ ಖಾರ್ಟೂಮ್, 2023ರ ಫೆಬ್ರವರಿ. ಸೂಕ್ ಅಲ್-ಅರಬಿ ಮಾರುಕಟ್ಟೆಯ ಬದಿಯಲ್ಲಿ ಚಹಾ ಮಾರುವ ಹೆಂಗಸಿನ ಎದುರು ಕುಳ್ಳ ಸ್ಟೂಲಿನ ಮೇಲೆ ಕೂತಿದ್ದೀರಿ. ಕೈಯಲ್ಲಿ ಶುಂಠಿ ಹಾಕಿದ ಕಪ್ಪು ಕಾಫಿ. ಹಾಲಿಲ್ಲದ್ದನ್ನು ಕಾಫಿ ಅನ್ನಲು ಹಾಸನದವರ ನಾಲಿಗೆ ಒಪ್ಪದು, ಆದರೂ ಕುಡಿಯುತ್ತೀರಿ. ದಾರಿಬದಿಯ ಹುಡುಗರು ಹೋಗಿಬರುವವರ ಮುಖವನ್ನೂ ನೋಡದೆ ಗೊಣಗುತ್ತಿದ್ದಾರೆ: "ದೋಲಾರ್, ರಿಯಾಲ್... ದೋಲಾರ್, ರಿಯಾಲ್."

ಪಕ್ಕದಲ್ಲಿರುವವರು ಬೇಲೂರು ತಾಲ್ಲೂಕು ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಹಿರಿಯರು. ಕೂದಲೆಣ್ಣೆ, ಬೇರು, ಪುಡಿ ಮಾರಲು ಬಂದವರು. ಹಕ್ಕಿ ಹಿಡಿಯುವುದನ್ನು ಕಾನೂನು ನಿಲ್ಲಿಸಿದ ಮೇಲೆ ಈ ಜನ ಊರೂರು ಸುತ್ತಿ ಮಾರುವ ಕಸುಬಿಗೆ ಇಳಿದರು. ಸುತ್ತಾಟ ಹಿಗ್ಗುತ್ತಾ ಆಫ್ರಿಕಾ ಮುಟ್ಟಿತು. ಜೊತೆಗಿರುವ ಅಳಿಯನೊಂದಿಗೆ ತಮ್ಮ ವಾಗ್ರಿ ನುಡಿಯಲ್ಲಿ ಮಾತು, ಗಿರಾಕಿಯೊಂದಿಗೆ ಮುರುಕು ಅರಬ್ಬಿ, ನಿಮ್ಮೊಂದಿಗೆ ಕನ್ನಡ.

"ನೋಟು ಮಡಚ್ಬೇಡಿ ಸಾರ್. ಗೆರೆ ಬಿದ್ರೆ ರೇಟು ಇಳಿಸ್ತಾರೆ."

ನೂರು ಡಾಲರಿನ ನೋಟನ್ನು ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟುಕೊಳ್ಳುತ್ತೀರಿ. ಐದು, ಹತ್ತರ ನೋಟು ತಂದವರಿಗೆ ಇಲ್ಲಿ ಮರ್ಯಾದೆ ಕಮ್ಮಿ, ಹಳೆಯ ಮುದ್ರಣ ತಂದವರಿಗೆ ಇನ್ನೂ ಕಮ್ಮಿ. ನಡುವೆ ನೀಲಿ ಪಟ್ಟಿ ಇರುವ, 2013ರ ನಂತರದ ನೂರರ ನೋಟಿಗೇ ಒಳ್ಳೆಯ ದರ. ಬ್ಯಾಂಕಿಗೆ ಹೋಗಬಹುದಲ್ಲ ಅಂದರೆ ಹೋಗಬಹುದು, ಆದರೆ ಬೀದಿಯ ದರ ಅಲ್ಲಿ ಸಿಗದು. ಎಟಿಎಂ ಇದೆ, ನಮ್ಮ ಕಾರ್ಡು ಅದರಲ್ಲಿ ನಡೆಯುವುದಿಲ್ಲ. ಅಮೆರಿಕದ ಆರ್ಥಿಕ ದಿಗ್ಬಂಧನ 2017ರಲ್ಲೇ ಸಡಿಲವಾದರೂ ಹೊರಗಿನ ಬ್ಯಾಂಕುಗಳು ಈ ಕಡೆ ತಲೆ ಹಾಕಿಲ್ಲ. ಹಾಗಾಗಿ ಊರಿಂದ ತಂದ ನಗದೇ ಗತಿ. ಭಾರತದಿಂದ ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ ಒಯ್ಯಬಹುದಾದದ್ದು 3,000 ಡಾಲರ್.

ಬೀದಿಯ ವಿನಿಮಯ ಇಲ್ಲಿ ಕಾನೂನಿಗೆ ವಿರುದ್ಧ, ಆದ್ದರಿಂದ ಬೀದಿಯಲ್ಲಿ ಯಾರೂ ನೋಟು ತೆಗೆಯುವುದಿಲ್ಲ. ಹುಡುಗ ಮುಂದೆ, ಹಿರಿಯರು ಹಿಂದೆ, ಕೊನೆಗೆ ನೀವು. ಮೊಬೈಲ್ ಕವರು ಮಾರುವ ಅಂಗಡಿ, ಅದರ ಹಿಂದೆ ಪರದೆ, ಪರದೆಯಾಚೆ ಒಂದು ಮೇಜು. ಕೂತವನು ನಿಮ್ಮ ನೋಟು ತೆಗೆದುಕೊಂಡು ಫ್ರಾಂಕ್ಲಿನ್ನನ ಕೋಟಿನ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಾನೆ. ಅಸಲಿ ನೋಟಿನಲ್ಲಿ ಅಲ್ಲಿ ತರಿತರಿ ಹತ್ತುತ್ತದೆ. ಮತ್ತೊಮ್ಮೆ ಎಳೆಯುತ್ತಾನೆ. ಬೆಳಕಿಗೆ ಹಿಡಿಯುತ್ತಾನೆ. ಆಮೇಲೆ ಕ್ಯಾಲ್ಕುಲೇಟರ್ ನಿಮ್ಮತ್ತ ತಳ್ಳುತ್ತಾನೆ: 585.

ಹಿರಿಯರು ಅದನ್ನು ತಮ್ಮತ್ತ ಎಳೆದು 600 ಒತ್ತುತ್ತಾರೆ. ಮಾತಿಲ್ಲ. ಚನ್ನರಾಯಪಟ್ಟಣದ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಈ ಮೌನ ಹೊಸದಲ್ಲ. ಎರಡು ಸಲ ಆಚೀಚೆ ಹೋದ ಕ್ಯಾಲ್ಕುಲೇಟರ್ 592ಕ್ಕೆ ನಿಲ್ಲುತ್ತದೆ. ಐನೂರು ಸುಡಾನಿ ಪೌಂಡಿನ ನೋಟುಗಳು 118, ಮೇಲೆ ಚಿಲ್ಲರೆ 200. ಕಟ್ಟು ಜೇಬಿಗೆ ಹಿಡಿಸುವುದಿಲ್ಲ.

"ಎಣ್ಸಿ ಸಾರ್, ಇಲ್ಲೇ. ಪರದೆ ದಾಟಿದ್ಮೇಲೆ ಕೇಳೋ ಹಂಗಿಲ್ಲ."

ಎಣಿಸುತ್ತೀರಿ. 2021ರ ಫೆಬ್ರವರಿಯ ತನಕ ಇದೇ ನೂರು ಡಾಲರಿಗೆ ಸರ್ಕಾರಿ ಲೆಕ್ಕದಲ್ಲಿ ಸಿಗುತ್ತಿದ್ದದ್ದು 5,500 ಪೌಂಡ್. ಆ ತಿಂಗಳು ಸರ್ಕಾರ ಹಿಡಿತ ಬಿಟ್ಟು ಡಾಲರಿನ ದರವನ್ನು 55ರಿಂದ 375ಕ್ಕೆ ಏರಿಸಿತು. ಅದೇ ವರ್ಷದ ಜುಲೈ ಹೊತ್ತಿಗೆ ಹಣದುಬ್ಬರ ಶೇಕಡ 400 ದಾಟಿತು. ಮೂಲ ಇನ್ನೂ ಹಿಂದಿನದು. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾದಾಗ ಎಣ್ಣೆ ಬಾವಿಗಳ ಮುಕ್ಕಾಲು ಪಾಲು ಅದರ ಜೊತೆ ಹೋಯಿತು, ದೇಶಕ್ಕೆ ಡಾಲರ್ ತರುವ ದಾರಿ ಕಟ್ಟಾಯಿತು. 2018ರ ಡಿಸೆಂಬರಿನಲ್ಲಿ ರೊಟ್ಟಿಯ ಬೆಲೆಗೆ ಜನ ಬೀದಿಗಿಳಿದು, ಮುಂದಿನ ಏಪ್ರಿಲ್ಲಿಗೆ ಅಧ್ಯಕ್ಷ ಬಶೀರ್ ಕುರ್ಚಿ ಬಿಡಬೇಕಾಯಿತು. ಪೌಂಡ್ ಮಾತ್ರ ಬೀಳುವುದನ್ನು ಬಿಡಲಿಲ್ಲ.

ನೋಡಲು ಬಂದ ನಿಮಗೆ ಇದರಿಂದ ನಷ್ಟವೇನಿಲ್ಲ. ಬೀಳುವ ನಾಣ್ಯದ ದೇಶದಲ್ಲಿ ಡಾಲರ್ ಹಿಡಿದವನು ಸಾಹುಕಾರ. ವಾರಕ್ಕೆ ಬೇಕಾದಷ್ಟು ಬಿಡಿಸಿಕೊಂಡರೆ ಮುಂದಿನ ವಾರ ಇನ್ನೆರಡು ನೋಟು ಹೆಚ್ಚೇ ಸಿಕ್ಕೀತು. ಹಿರಿಯರ ಪಾಡು ಬೇರೆ. ಅವರು ಸಾಲ ತಂದದ್ದು ರೂಪಾಯಿಯಲ್ಲಿ, ಬಡ್ಡಿ ಓಡುವುದೂ ರೂಪಾಯಿಯಲ್ಲಿ. ಎಣ್ಣೆ ಮಾರಿ ಎಣಿಸಿಕೊಳ್ಳುವುದು ಪೌಂಡ್. ಊರಿಗೆ ಒಯ್ಯಬೇಕಾದದ್ದು ಡಾಲರ್. ಇದೇ ಪರದೆಯ ಹಿಂದೆ ಡಾಲರ್ ಕೊಡಲು ಬಂದವರಿಗೆ ಚಹಾ ಬರುತ್ತದೆ, ಕೇಳಲು ಬಂದವರಿಗೆ "ನಾಳೆ ಬಾ" ಎಂಬ ಉತ್ತರ. ಆ ನಾಳೆ ದರ ಏರಿರುತ್ತದೆ. ಹಾಗಾಗಿ ಸಂಜೆಯ ವ್ಯಾಪಾರದ ದುಡ್ಡನ್ನು ರಾತ್ರಿ ಕಳೆಯಲು ಬಿಡಬಾರದು ಎನ್ನುವುದು ಹಿರಿಯರ ಲೆಕ್ಕ: ಬಂದಷ್ಟಕ್ಕೆ ಅಂದೇ ಡಾಲರ್ ತಗೊಂಡು ಬನಿಯನ್ನಿನ ಒಳಜೇಬಿಗೆ ಹೊಲಿದುಬಿಡಬೇಕು. ವಿನಿಮಯದ ಬಗ್ಗೆ ಪ್ರವಾಸಿಗರಿಗೆ ಹೇಳುವ ಬುದ್ಧಿವಾದಗಳಲ್ಲಿ ಈ ವಾಪಸಿನ ಲೆಕ್ಕ ಬರುವುದೇ ಇಲ್ಲ.

2023ರ ಏಪ್ರಿಲ್ 15ರ ಶನಿವಾರ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಗುಂಡಿನ ಕಾಳಗ ಶುರುವಾಗುತ್ತದೆ. ಬ್ಯಾಂಕು ಮುಚ್ಚುತ್ತದೆ. ಖಾರ್ಟೂಮಿನಿಂದ ಗಡಿಯ ಕಡೆ ಹೋಗುವ ಬಸ್ಸಿನವರು ಬಾಯಿಗೆ ಬಂದ ಬಾಡಿಗೆ ಹೇಳುತ್ತಾರೆ. ಸುಡಾನಿನಲ್ಲಿ ಕರ್ನಾಟಕದ 31 ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದಾರೆ ಎಂದು ಸಿದ್ದರಾಮಯ್ಯನವರು 18ರಂದು ಟ್ವೀಟ್ ಮಾಡಿದ ಮೇಲೆ ನಾಡಿಗೆಲ್ಲ ಸುದ್ದಿ. ಚುನಾವಣೆಯ ಕಾಲ, ಟ್ವೀಟಿಗೆ ವಿದೇಶಾಂಗ ಸಚಿವರಿಂದ ಬಿಸಿ ಉತ್ತರವೂ ಬಂತು. 24ರಂದು ಭಾರತೀಯರನ್ನು ಕರೆತರಲು ಆಪರೇಷನ್ ಕಾವೇರಿ. ಪೋರ್ಟ್ ಸುಡಾನಿನಿಂದ ಜೆಡ್ಡಾ, ಅಲ್ಲಿಂದ ಭಾರತ. ಗುಂಡಿನ ನಡುವೆ ಓಡಿಬರುವವರು ಎಣ್ಣೆಯ ಡಬ್ಬಿಗಳನ್ನು ಹೊರಲಾರರು. ಕೈಯಲ್ಲಿ ಉಳಿದ ಪೌಂಡ್ ಕಟ್ಟನ್ನು ಅಂಥ ಹೊತ್ತಿನಲ್ಲಿ ಯಾರೂ ಡಾಲರ್ ಕೊಟ್ಟು ಕೊಳ್ಳುವುದಿಲ್ಲ.

ಮನೆಗೆ ತಂದರೂ ಅದು ನಡೆಯುವ ದುಡ್ಡಲ್ಲ. ಬೆಂಗಳೂರಿನ ಕೌಂಟರುಗಳಲ್ಲಿ ದಿರ್ಹಮ್ ಬಿಡಿಸಿಕೊಡುತ್ತಾರೆ, ರಿಯಾಲ್ ಬಿಡಿಸಿಕೊಡುತ್ತಾರೆ. ಸುಡಾನಿನ ಪೌಂಡಿಗೆ ಬೋರ್ಡಿನಲ್ಲಿ ಜಾಗವಿಲ್ಲ. ಇಟ್ಟುಕೊಂಡಿದ್ದರೂ ಅಷ್ಟೆ. 2024ರಲ್ಲಿ ಬೀದಿಯ ದರ ಡಾಲರಿಗೆ 2,000 ದಾಟಿತು. ಆ ವರ್ಷದ ನವೆಂಬರಿನಲ್ಲಿ ಸುಡಾನಿನ ಕೇಂದ್ರ ಬ್ಯಾಂಕು ಹಳೆಯ 500 ಮತ್ತು 1,000 ಪೌಂಡ್ ನೋಟುಗಳನ್ನು ಹಿಂದಕ್ಕೆ ಪಡೆಯುವುದಾಗಿ ಸಾರಿತು. ನವೆಂಬರು, ಐನೂರು, ಸಾವಿರ: 2016ರಲ್ಲಿ ಹಾಸನದ ಬ್ಯಾಂಕುಗಳ ಮುಂದೆ ಸಾಲಿನಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಖಾತೆಗೆ ಕಟ್ಟಲು ದಿನ ಕೊಟ್ಟಿದ್ದರು. ಅಲ್ಲಿಯೂ ಕೊಟ್ಟರು, ಅಲ್ಲಿ ಖಾತೆ ಇದ್ದವರಿಗೆ.